ಮಾಮಾನ ಮೇಜಿನ ಬೆಲೆ

"ನಮ್ಮ ವಂಶದಾಗ ಯಾರರ ಡಿಗ್ರಿ ತಗೊಂಡ್ರ, ಅವತ್ತ ನಾ ಬೆಲಿ ಇಳಸ್ತೀನಿ!"

ತುಂಬಿದ ಮನೆಯಲ್ಲಿ ಹೀಗೆ ಸಾರಿದವರು ನನ್ನ ಸೋದರಮಾವ. ನಾನು ಹನ್ನೆರಡನೆಯ ತರಗತಿ ಪಾಸಾಗಿ, ಪೇಡೆಯ ಪೊಟ್ಟಣ ಹಿಡಿದು, ಕಾಲೇಜು ಸೇರುತ್ತೇನೆಂದು ಹೇಳಲು ಹೋದ ದಿನ ಅದು. ಕೇಳಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗದೆ ಏನು ಮಾಡುತ್ತಾರೆ? ನಮ್ಮ ವಂಶದಲ್ಲಿ ಅದುವರೆಗೆ ಕಾಲೇಜಿನ ಮೆಟ್ಟಿಲು ಹತ್ತಿದ ಜೀವವೇ ಇರಲಿಲ್ಲ. ಅಪ್ಪ ಕಟ್ಟಡಗಳ ಸೆಂಟ್ರಿಂಗ್ ಕೆಲಸಗಾರ, ಅವ್ವನದು ಹೆಬ್ಬೆಟ್ಟು. ಇನ್ನು ಮಾಮಾ? ಅವರು ತಮ್ಮ ಜನ್ಮದಲ್ಲಿ ಯಾವ ಸಾಮಾನಿನ ಬೆಲೆಯನ್ನೂ ಇಳಿಸಿದವರಲ್ಲ. ಅಂದರೆ ಅವರ ಮಾತಿನ ಅರ್ಥ ಇಷ್ಟೇ: ಕತ್ತೆಗೆ ಕೋಡು ಮೂಡಿದ ದಿನ ಕಪ್ಪೆಗೆ ಮೀಸೆ ಬರುತ್ತದೆ!

ನನಗೆ ಮೈಯೆಲ್ಲ ಉರಿಯಿತು. ಪೇಡೆ ತಿಂದ ಬಾಯಿಂದ ಆಡುವ ಮಾತೇ ಇದು?

ಲೋಕದಲ್ಲಿ ಸಾಮಾನು ಹಳತಾದಂತೆ ಅಗ್ಗವಾಗುತ್ತದೆ. ಇದು ಎಮ್ಮೆಗೂ ಗೊತ್ತು, ಎಮ್ಮೆ ಮಾರುವವನಿಗೂ ಗೊತ್ತು. ಮುಲುಂಡ್ ಸ್ಟೇಷನ್ನಿನ ಹತ್ತಿರದ ಒಂದು ಬಿಲ್ಡಿಂಗಿನ ಮೂರನೆಯ ಮಹಡಿಯಲ್ಲಿ ಮಾತ್ರ ಈ ನಿಯಮ ನಡೆಯುತ್ತಿರಲಿಲ್ಲ. ಅಲ್ಲಿ ಸಾಮಾನು ತುಕ್ಕು ಹಿಡಿದಷ್ಟೂ, ಸೊಟ್ಟಗಾದಷ್ಟೂ, ಒಂದೊಂದೇ ಅಂಗ ಕಳೆದುಕೊಂಡಷ್ಟೂ ಅದರ ಬೆಲೆ ಏರುತ್ತಿತ್ತು. ಮಾಮಾ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ರಾತ್ರಿ ಪಾಳಿಯ ಕೆಲಸಕ್ಕಿದ್ದರು. ಹಳೆ ಸಾಮಾನು ಕೊಳ್ಳುವುದು, ಅದನ್ನು ಮಾರಾಟಕ್ಕಿಡುವುದು, ಮಾರದೇ ಇರುವುದು, ಇವು ಮೂರೂ ಅವರ ಹವ್ಯಾಸಗಳು. ಬಿಲ್ಡಿಂಗಿನ ಮೆಟ್ಟಿಲ ಬುಡದಲ್ಲಿ ನೀರು ಬರುವ ಹೊತ್ತು ಬರೆಯುವ ಹಲಗೆಯೊಂದಿತ್ತು. ಅದರ ಪಕ್ಕದಲ್ಲೇ ಮಾಮಾನ ಮಾರಾಟದ ಚೀಟಿಗಳು. ಎಲ್ಲದರ ಕೊನೆಗೂ ಒಂದೇ ಸಾಲು: "ಚೌಕಾಶಿ ಮಾಡುವವರು ಮೆಟ್ಟಿಲು ಹತ್ತಬಾರದು."

ಹತ್ತುತ್ತಿದ್ದರು, ಪಾಪ! ಹತ್ತಿ ಬಂದು, ಏದುಸಿರು ಬಿಡುತ್ತ ಬೆಲೆ ಕೇಳಿ, ಕೂರಲು ಖುರ್ಚಿ ಕೇಳುತ್ತಿದ್ದರು. ಖುರ್ಚಿಯೂ ಮಾರಾಟಕ್ಕಿತ್ತು.

ಎಲ್ಲರ ಮನೆಗೂ ಬಣ್ಣದ ಟೀವಿ ಬರತೊಡಗಿದ ಕಾಲ. ಮಾಮಾ ತಮ್ಮ ಕಪ್ಪು ಬಿಳುಪು ಟೀವಿಯನ್ನು ಮಾರಾಟಕ್ಕಿಟ್ಟರು. ಮರದ ಶಟರಿನ ಪೆಟ್ಟಿಗೆ ಅದು, ಶಟರು ಅರ್ಧಕ್ಕೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಬೆಲೆ, ಕೊಂಡದ್ದಕ್ಕಿಂತ ಹೆಚ್ಚು. ನೋಡಲು ಬಂದ ಎದುರು ಬಿಲ್ಡಿಂಗಿನ ಗುಜರಾತಿ ಸೇಠ್ ಬೆವರು ಒರೆಸಿಕೊಂಡು, "ಅರೆ ಭಾಯಿ, ಇನ್ನು ಸ್ವಲ್ಪ ಹಾಕಿದರೆ ಕಲರ್ ಬರ್ತದಲ್ಲ!" ಎಂದು ತನಗೆ ತಿಳಿದ ಹಿಂದಿಯಲ್ಲಿ ಗೋಗರೆದ. ಮಾಮಾ ತಮಗೆ ತಿಳಿದ ಹಿಂದಿಯಲ್ಲಿ ಕೊಟ್ಟ ಉತ್ತರವನ್ನು ಕನ್ನಡದಲ್ಲಿ ಹೇಳುತ್ತೇನೆ: "ಕಲರ್ ಟೀವಿಯೊಳಗ ಸೀರಿ ಕೆಂಪಿದ್ರ ಕೆಂಪs ನೋಡಬೇಕು. ಇದರಾಗ ನಿಮಗ ಬೇಕಾದ ಬಣ್ಣ ನೀವs ನೆನಸಬಹುದು. ಅದಕ್ಕ ರೊಕ್ಕ ಬ್ಯಾಡೇನ್ರಿ?"

ಸೇಠ್ ಮೆಟ್ಟಿಲಿಳಿಯುವಾಗ ಕಂಬಿ ಹಿಡಿದುಕೊಂಡು ಇಳಿದ.

"ನೀವು ಯಾವ ಲೆಕ್ಕದ ಮ್ಯಾಲೆ ಬೆಲಿ ಕಟ್ತೀರಿ ಮಾಮಾ?" ಎಂದು ನಾನೊಮ್ಮೆ ಕೇಳಿದೆ. ಅವರು ನನ್ನನ್ನು ಕರುಣೆಯಿಂದ ನೋಡಿದರು. "ಕೊಂಡಾಗ ಒಂದ್ ಬೆಲಿ ಕೊಟ್ನಿ ಹೌದಿಲ್ಲೊ? ಆಮ್ಯಾಲೆ ಇಷ್ಟು ವರ್ಷ ದಿನಾ ಒರೆಸೀನಿ. ಇಲಿ ಕಡೀದಂಗ ಕಾದೀನಿ. ಮಳಿಗಾಲದಾಗ ಪ್ಲಾಸ್ಟಿಕ್ ಹೊಚ್ಚೀನಿ. ಕೂಸಿನ್ನ ಸಾಕಿದ ದಾಯಿಗೆ ಪಗಾರ ಕೊಡ್ತಾರಿಲ್ಲೊ? ಹಂಗs!"

ಅಂದರೆ ಹಳೆ ಮಿಕ್ಸರ್ ಕೊಳ್ಳುವವನು ಮಾಮಾನಿಗೆ ಅದರ ಬಾಣಂತನದ ಖರ್ಚನ್ನೂ ಕೊಡಬೇಕು! ಇದು ನ್ಯಾಯವೇ? ನೀವೇ ಹೇಳಿ.

ಹಳೆ ಬಟ್ಟೆ ತೆಗೆದುಕೊಂಡು ಸ್ಟೀಲಿನ ಪಾತ್ರೆ ಕೊಡುವ ಹೆಂಗಸರು ಮುಂಬಯಿಯ ಬಿಲ್ಡಿಂಗುಗಳಲ್ಲಿ ಮಧ್ಯಾಹ್ನದ ಹೊತ್ತು ತಿರುಗುತ್ತಿರುತ್ತಾರಷ್ಟೆ. ತಲೆಯ ಮೇಲೆ ಪಾತ್ರೆಯ ಬುಟ್ಟಿ, ಹೆಗಲಿಗೆ ಬಟ್ಟೆಯ ಗಂಟು. ನಮ್ಮ ಮಾಮಿ ಈ ವ್ಯಾಪಾರದಲ್ಲಿ ಪಳಗಿದ ಕೈ. ಎರಡು ಹಳೆ ಸೀರೆ, ಒಂದು ಶರ್ಟು ಕೊಟ್ಟು ಡಬ್ಬಿಯೊಂದನ್ನು ಬಹುತೇಕ ಗೆದ್ದಿದ್ದಳು. ಆಗ ಒಳಗಿನಿಂದ ಮಾಮಾ ತಮ್ಮ ಮದುವೆಯ ಪ್ಯಾಂಟು ಹಿಡಿದುಕೊಂಡು ಬಂದರು. ಮೊಣಕಾಲಲ್ಲಿ ಕಿಟಕಿ, ಹಿಂಭಾಗದಲ್ಲಿ ತೇಪೆ. ಅದಕ್ಕೆ ಅವರು ಕೇಳಿದ್ದು ಬುಟ್ಟಿಯಲ್ಲಿದ್ದ ಅತಿ ದೊಡ್ಡ ಹಂಡೆ!

ಪಾತ್ರೆಯವಳು ಪ್ಯಾಂಟನ್ನು ಬೆಳಕಿಗೆ ಹಿಡಿದಳು. ಆ ಕಡೆಯ ಗೋಡೆ ಕಂಡಿತು.

"ಬಾಬಾ, ಹ್ಯಾ ಪ್ಯಾಂಟೀತ್ ರಾಜಾ ಹೋತಾ ಕಾ?" ಎಂದಳು. ಈ ಪ್ಯಾಂಟಿನೊಳಗೆ ರಾಜ ಇದ್ದನೇ ಎಂದು!

"ಇದ್ದಾ," ಎಂದರು ಮಾಮಾ ಗಂಭೀರವಾಗಿ. "ಒಂದ ದಿವಸ ಇದ್ದಾ. ಆಮ್ಯಾಲೆ ಲಗ್ನ ಆತು."

ಮಾಮಿ ಮೂರು ದಿನ ಅವರಿಗೆ ಬಿಸಿ ರೊಟ್ಟಿ ಹಾಕಲಿಲ್ಲ. ಹಂಡೆ ಹಾಳಾಗಲಿ, ಡಬ್ಬಿಯೂ ಹೋಗಿತ್ತು.

ಇಂಥ ಮಾಮಾನ ಮನೆಗೆ ಒಂದು ದಿನ ಮೇಜು ಬಂತು. ಮುಚ್ಚಿಹೋದ ಯಾವುದೋ ಕಾರ್ಖಾನೆಯ ಆಫೀಸಿನ ಸಾಮಾನು ಹರಾಜಿನಲ್ಲಿ ಹಿಡಿದದ್ದು. ಅಗಲವಾದ ಗಟ್ಟಿ ಮೇಜು, ಒಂದು ಕಾಲಿನ ಕೆಳಗೆ ಮಡಚಿದ ರಟ್ಟು, ಎರಡು ಡ್ರಾವರ್. ಅದರಲ್ಲೊಂದು ದೇವರು ಬಂದರೂ ತೆರೆಯುತ್ತಿರಲಿಲ್ಲ. ("ಕೆಟ್ಟಿಲ್ಲ. ತಿಜೋರಿ ಇದ್ದಂಗ. ಕಳ್ಳರಿಗೂ ತೆಗಿಲಿಕ್ಕೆ ಬರಂಗಿಲ್ಲ!") ಗ್ಯಾಲರಿಯಲ್ಲಿ ಮಾಮಿ ಹಪ್ಪಳ ಒಣಗಿಸುವ ಜಾಗವನ್ನು ಮೇಜು ಪೂರ್ತಿ ನುಂಗಿತು. ಅದರ ಮೇಲೆ ಬೆಲೆಯ ಚೀಟಿ ಅಂಟಿತು. ಆ ಬೆಲೆಗೆ ಬಜಾರಿನಲ್ಲಿ ಹೊಸ ಮೇಜೂ ಬರುತ್ತಿತ್ತು, ಜೊತೆಗೆ ಖುರ್ಚಿಯೂ ಬರುತ್ತಿತ್ತು.

ನನ್ನ ಕಣ್ಣು ಆ ಮೇಜಿನ ಮೇಲೆ ಬಿತ್ತು. ಬೀಳದೆ ಇರುತ್ತದೆಯೇ? ಭಾಂಡುಪಿನ ನಮ್ಮ ಖೋಲಿಯಲ್ಲಿ ಅವ್ವ ರೊಟ್ಟಿ ಬಡಿದು ಮುಗಿಸುವವರೆಗೆ ನೆಲ ಅವಳದು, ಮುಗಿಸಿದ ಮೇಲೆ ಹಾಸಿಗೆಗಳದು. ಪುಸ್ತಕಕ್ಕೆ ಉಳಿದದ್ದು ನನ್ನ ಮೊಣಕಾಲು ಮಾತ್ರ. ಮೊಣಕಾಲಿನ ಮೇಲೆ ಗೆರೆ ಎಳೆದು ಅಕೌಂಟೆನ್ಸಿ ಬರೆಯುವವರಿಗೆ ಆಗುವುದೇ ನನಗೂ ಆಯಿತು. ಬಿ.ಕಾಂ. ಮೊದಲ ವರ್ಷದ ಅರ್ಧವಾರ್ಷಿಕದಲ್ಲಿ ಡುಮ್ಕಿ! ಅಪ್ಪ ಬೈಯಲಿಲ್ಲ. "ನೋಡವ್ವಾ, ವಾರ್ಷಿಕದಾಗೂ ಹಿಂಗs ಆದ್ರ ಸಾಕು ಮಾಡೂಣು. ಗುಳಿಗಿ ಕಂಪನಿಯಾಗ ಪ್ಯಾಕಿಂಗಿಗೆ ಹುಡುಗ್ಯಾರು ಬೇಕಾಗ್ಯಾರಂತ," ಎಂದ ಅಷ್ಟೆ. ಬೈದಿದ್ದರೆ ವಾಸಿಯಿತ್ತು.

ಮರುದಿನವೇ ಕಾಲೇಜಿನಿಂದ ನೆಟ್ಟಗೆ ಮಾಮಾನ ಮನೆಗೆ ಹೋದೆ. ನನ್ನ ಕಾಲೇಜು ಮುಲುಂಡಿನಲ್ಲೇ, ಬೆಳಗಿನ ಕಾಲೇಜು, ಹನ್ನೊಂದಕ್ಕೆಲ್ಲ ಬಿಡುತ್ತಿತ್ತು.

"ಮಾಮಾ, ಮೇಜು ಮಾರೂ ತನಕ ನಾ ಅದರ ಮ್ಯಾಲೆ ಓದಿಕೊಳ್ಳಲೇನ್ರಿ?"

"ಏ ಹುಚ್ಚಿ! ಮಾರೂ ಸಾಮಾನಿನ ಮ್ಯಾಲೆ ಕುಂತು ಓದಿದ್ರ ಅದು ಸೆಕೆಂಡ್ ಹ್ಯಾಂಡ್ ಆಗಂಗಿಲ್ಲೇನು?"

ಹರಾಜಿನಲ್ಲಿ ತಂದ, ಒಂದು ಕಾಲಿಗೆ ರಟ್ಟು ಕೊಟ್ಟ, ಅರ್ಧ ಬಾಯಿ ಬಿಡುವ ಮೇಜು! ಅದು ಇನ್ನು ಸೆಕೆಂಡ್ ಹ್ಯಾಂಡ್ ಆಗಬೇಕಂತೆ! ನನಗೆ ಅಳು ಬಂತು. ಅಳು ಬಂದರೆ ನಾನು ಜಗಳವಾಡುವವಳು. "ಹೊಸ ಮೇಜಿಗಿಂತ ಹೆಚ್ಚು ರೊಕ್ಕ ಕೇಳಿದ್ರ ಯಾರ ಬರ್ತಾರ್ರಿ? ಇದು ಇಲ್ಲೇ ಗೆದ್ದಲು ಹಿಡದು ಹೋಗ್ತೈತಿ!" ಎಂದು ಚಪ್ಪಲಿ ಮೆಟ್ಟಿದೆ.

"ನಿಲ್ಲು," ಎಂದರು ಮಾಮಾ. ಮೇಜನ್ನು ನೋಡಿದರು, ನನ್ನನ್ನು ನೋಡಿದರು. "ಖರೇನ. ಖಾಲಿ ಮೇಜು ಕಳೆಗೆಟ್ಟು ಕಾಣ್ತೈತಿ. ಸೀರಿ ಅಂಗಡ್ಯಾಗ ಗೊಂಬಿಗೆ ಸೀರಿ ಉಡಿಸಿ ನಿಲ್ಲಿಸಿರ್ತಾರಲ್ಲ? ನೀ ಹಂಗ ಕುಂದರು. ಗಿರಾಕಿ ಬಂದಾಗ ದಪ್ಪ ಪುಸ್ತಕ ತಗಿ. ಮಸಿ ಚೆಲ್ಲಬ್ಯಾಡ."

ಹೀಗೆ ನಾನು ಗೊಂಬೆಯಾದೆ! ಬಿ.ಕಾಂ. ಓದುವ, ಮರ್ಯಾದಸ್ಥ ಮನೆತನದ ಹುಡುಗಿ, ಮಾರಾಟದ ಮೇಜಿನ ಅಲಂಕಾರ! ಗಿರಾಕಿಗಳು ಬಂದು ಮೇಜು ಬಡಿದು ನೋಡುತ್ತಿದ್ದರು, ಡ್ರಾವರ್ ಜಗ್ಗುತ್ತಿದ್ದರು. ಒಬ್ಬಾಕೆ ನನ್ನ ಪುಸ್ತಕವನ್ನೇ ಎತ್ತಿ, "ಇದೂ ಸೇರಿ ಎಷ್ಟು?" ಎಂದಳು. ಮಾಮಾ ನನ್ನತ್ತ ಕೈ ತೋರಿಸಿ ಹೇಳುತ್ತಿದ್ದರು: "ನೋಡ್ರಿ, ಪೂರಾ ದಿನ ಕುಂತರೂ ಬೆನ್ನು ನೋಯಂಗಿಲ್ಲ." ನನ್ನ ಬೆನ್ನನ್ನು ಕೇಳಿದವರಾರು?

ಅದಲ್ಲದೆ ಚೀಟಿ ಬರೆಯುವ ಕೆಲಸವೂ ನನ್ನ ತಲೆಗೇ ಬಿತ್ತು. "ಇಂಗ್ಲಿಷಿನ್ಯಾಗ ಬರಿ. ಬೆಲಿಗೆ ಒಪ್ತೈತಿ." ನಾನು ನನ್ನ ಬಾಳಿನಲ್ಲಿ ಪರೀಕ್ಷೆಗಲ್ಲದೆ ಬರೆದ ಮೊದಲ ಇಂಗ್ಲಿಷ್ ವಾಕ್ಯ, ಆ ಮೇಜಿನ ಮುಂದೆ ಕುಳಿತು ಆ ಮೇಜನ್ನೇ ಹೊಗಳಿ ಬರೆದದ್ದು. ಅದರಲ್ಲಿ ಒಂದು ಶಬ್ದವಾದರೂ ನಿಜವಿದ್ದರೆ ಕೇಳಿ!

ವಾರ್ಷಿಕ ಪರೀಕ್ಷೆಯಲ್ಲಿ ಪಾಸಾದೆ. ಅಪ್ಪ ಪ್ಯಾಕಿಂಗಿನ ಮಾತು ನಿಲ್ಲಿಸಿದ. ಎರಡನೆಯ ವರ್ಷ ನನಗೆ ಸವಕಳಿಯ ಪಾಠ ಬಂತು. ಅಬ್ಬಾ, ಎಂಥ ಆಯುಧ ಸಿಕ್ಕಿತೆಂದುಕೊಂಡಿರಿ! ಪುಸ್ತಕ ಎದೆಗವಚಿಕೊಂಡು ಹೋದೆ.

"ಮಾಮಾ, ಮೇಜು ಕುರ್ಚಿಗೆ ವರ್ಷಾ ವರ್ಷಾ ಬೆಲಿ ಇಳಸಬೇಕಂತ ಬರದೈತಿ. ಇಲ್ಲಿ ನೋಡ್ರಿ. ಅಚ್ಚಾಗೈತಿ."

"ಯಾರ ಬರದಾರ?"

"ದೊಡ್ಡ ಪ್ರೊಫೆಸರು."

"ವಯಸ್ಸಾಗೈತೇನು ಅವರಿಗೆ?"

"ಆಗಿರಬೇಕು. ಫೋಟೋದಾಗ ಕೂದಲಿಲ್ಲ."

"ಹಂಗಾರ ಅವರ ಪಗಾರ ವರ್ಷಾ ವರ್ಷಾ ಇಳದೈತೋ, ಏರೈತೋ? ಹೋಗಿ ಕೇಳಿಕೊಂಡು ಬಾ."

"ಅವರು ಮನಶ್ಯಾರು ಮಾಮಾ! ಇದು ಕಟಗಿ!"

"ಇಬ್ಬರೂ ಆಫೀಸಿನ್ಯಾಗ ಇಟ್ಟಲ್ಲೇ ಇರ್ತಾರ. ಏನ್ ಫರಕ್?"

ಒಳಗಿನಿಂದ ಮಾಮಿ, "ಅವರ ಸಂಗಟ ವಾದ ಮಾಡಬ್ಯಾಡ ಬೇ, ನಾ ಇಪ್ಪತ್ತ ವರ್ಷ ಮಾಡಿ ಸೋತೀನಿ," ಎಂದಳು. ಆದರೆ ಈಗಲೂ ಹೇಳುತ್ತೇನೆ, ಪುಸ್ತಕದ್ದೇ ಸರಿ. ಮಾಮಾನದು ತಪ್ಪು. ನಾನು ಕಷ್ಟಪಟ್ಟು ಓದಿದ್ದು ಸುಳ್ಳಾಗಲು ಬಿಡಲಾರೆ.

ಇನ್ನೊಂದು ಅನ್ಯಾಯ ಕೇಳಿ. ಮೇಜಿನ ಬೆಲೆ ವರ್ಷವಿಡೀ ಒಂದೇ ಇರುತ್ತಿರಲಿಲ್ಲ. ಮಾರ್ಚ್ ಬಂತೆಂದರೆ ಅಲ್ಫಾನ್ಸೊ ಮಾವಿನಂತೆ ಜಿಗಿಯುತ್ತಿತ್ತು! ನಾನು ಇಲ್ಲಿ ಪರೀಕ್ಷೆಯ ಗಾಬರಿಯಲ್ಲಿ ತಲೆ ಕೆಡಿಸಿಕೊಂಡಿದ್ದರೆ, ಇವರು "ಬೆಲಿ ತಿದ್ದು" ಎಂದು ಹಳೆ ಚೀಟಿಯ ಮೇಲೆ ಹೊಸದು ಬರೆಸಿ ಅಂಟಿಸಿ, ಮೆಟ್ಟಿಲ ಬುಡದ ಚೀಟಿಯಲ್ಲೂ ಆ ಬೆಲೆ ಹಾಕಿಸುತ್ತಿದ್ದರು. ಯಾಕೆ ಎಂದರೆ, "ಸೀಜನ್!" ಮೇಜಿಗೆಲ್ಲಿಯ ಸೀಜನ್ ಸ್ವಾಮಿ? ಮೇಜೇನು ಹೂ ಬಿಡುತ್ತದೆಯೇ? ಆ ತಿಂಗಳು ಚೀಟಿ ನೋಡಿದ ಗಿರಾಕಿಗಳು ಮೆಟ್ಟಿಲ ಬುಡದಲ್ಲೇ ನಕ್ಕು ಹಿಂತಿರುಗುತ್ತಿದ್ದರು. ಗ್ಯಾಲರಿಯಲ್ಲಿ ಸದ್ದಡಗಿ, ಕೆಳಗೆ ಹಾದುಹೋಗುವ ಲೋಕಲ್‌ಗಳ ಸದ್ದು ಮಾತ್ರ ಕೇಳುತ್ತಿತ್ತು. ಇಂಥ ದಡ್ಡ ವ್ಯಾಪಾರ ಮಾಡುವವರು ನನ್ನನ್ನು ನೋಡಿ ನಗುತ್ತಾರೆಂದು ನಾನು ಹಲ್ಲು ಕಡಿಯುತ್ತ ಓದಿದೆ. ಸಿಟ್ಟಿನಲ್ಲಿ ಓದಿದ್ದು ಚೆನ್ನಾಗಿ ನೆನಪಿರುತ್ತದೆ, ಬೇಕಿದ್ದರೆ ಪರೀಕ್ಷಿಸಿ.

ಕೊನೆಯ ವರ್ಷ. ಪರೀಕ್ಷೆ ಇನ್ನೇನು ಬಾಗಿಲಿಗೆ ಬಂದಿತ್ತು. ಒಂದು ಶನಿವಾರ ಸಂಜೆ ಸಫಾರಿ ಸೂಟಿನ ಒಬ್ಬ ಗೃಹಸ್ಥ ಮೆಟ್ಟಿಲು ಹತ್ತಿ ಬಂದ. ದಹಿಸರಿನಲ್ಲಿ ಟ್ಯೂಷನ್ ಕ್ಲಾಸು ತೆರೆಯುತ್ತಿದ್ದಾನಂತೆ, ಅಗಲ ಮೇಜು ಬೇಕಂತೆ, ಟೆಂಪೋ ಕೆಳಗೇ ನಿಂತಿದೆಯಂತೆ. ಮೇಜು ತಟ್ಟಿದ. ಚೀಟಿ ಓದಿದ. ಹುಬ್ಬು ಕೂಡ ಏರಿಸದೆ, "ಠೀಕ್ ಹೈ," ಎಂದು ಕಿಸೆಗೆ ಕೈ ಹಾಕಿದ.

ಠೀಕ್ ಹೈ! ಆ ಮನೆಯ ಗೋಡೆಗಳು ಆ ಶಬ್ದವನ್ನು ಎಂದೂ ಕೇಳಿರಲಿಲ್ಲ. ಮಾಮಿ ದೇವರ ಫೋಟೋದ ಕಡೆ ತಿರುಗಿ ಕೈ ಮುಗಿದಳು. ಹಪ್ಪಳದ ಜಾಗ ತಿರುಗಿ ಬರುವುದಿತ್ತಲ್ಲ! ಸಕ್ಕರೆ ಜಾಸ್ತಿ ಹಾಕಿ ಚಹಾಕ್ಕಿಟ್ಟಳು. ನಾನು ಪೆನ್ನಿನ ಮುಚ್ಚಳ ಹಾಕಿದೆ. ಮಾಮಾ? ಮಾಮಾನ ಮುಖ ಅವರ ಟೀವಿಯ ಹಾಗೆ ಕಪ್ಪು ಬಿಳುಪಾಯಿತು.

"ಅದು ಮ್ಯಾಲಿನ ಹಲಗೀ ಬೆಲಿ," ಎಂದರು. "ಕಾಲಿಂದು ಬ್ಯಾರೆ."

ಗೃಹಸ್ಥ ನಕ್ಕು, ಕಾಲಿನದೂ ಕೊಡುತ್ತೇನೆಂದ.

"ಡ್ರಾವರು..."

ಡ್ರಾವರಿನದೂ ಕೊಡುತ್ತೇನೆಂದ. ಎಂಥ ಪುಣ್ಯಾತ್ಮ!

"ಇವತ್ತು ಶನಿವಾರ. ಶನಿವಾರ ಕಟಗಿ ಹೊಸ್ತಿಲಾ ದಾಟಬಾರದು."

ಸೋಮವಾರ ಬರುತ್ತೇನೆಂದ.

"ಸೋಮವಾರ ಅಮಾಸಿ."

ಕ್ಯಾಲೆಂಡರಿನಲ್ಲಿ ಸೋಮವಾರ ಏಕಾದಶಿ! ನನಗೆ ತಡೆಯಲಾಗಲಿಲ್ಲ. ಮೂರು ವರ್ಷ ಅಷ್ಟು ವ್ಯಾಪಾರಿ ಕಾನೂನು ಓದಿದ್ದು ಯಾತಕ್ಕೆ? ಕೂತಲ್ಲಿಂದಲೇ ಗುಡುಗಿದೆ: "ಮಾಮಾ, ಇದು ಕರಾರು! ನೀವು ಬೆಲಿ ಹೇಳೀರಿ, ಅವರು ಒಪ್ಯಾರ. ಇನ್ನ ಮೇಜು ಅವರದು! ಕೋರ್ಟಿಗೆ ಹೋದ್ರ ನೀವು ಸೋಲ್ತೀರಿ!"

"ನೀ ಬಾಯಿ ಮುಚ್ಚಿಕೊಂಡು ಓದು!" ಎಂದು ಮಾಮಾ ನನಗಿಂತ ಜೋರಾಗಿ ಗುಡುಗಿದರು. ನನ್ನ ಮೇಲೆ ಅವರು ದನಿ ಎತ್ತಿದ್ದು ಅದೊಂದೇ ಸಲ.

ಗೃಹಸ್ಥನ ಸಹನೆ ಮುಗಿಯಿತು. "ಆಪ್‌ಕೋ ಬೇಚನಾ ಹೈ ಯಾ ನಹೀಂ?"

ಮಾಮಾ ಎದೆ ಸೆಟೆಸಿ ನಿಂತರು. "ಬೇಚನಾ ಹೈ," ಎಂದರು. "ಲೇಕಿನ್ ದೇನಾ ನಹೀಂ."

ಮಾರುವುದಿದೆ, ಕೊಡುವುದಿಲ್ಲ! ಯಾವ ಕಾನೂನು ಪುಸ್ತಕದಲ್ಲಿ ಇದಕ್ಕೆ ಉತ್ತರವಿದೆ? ಟೆಂಪೋ ಖಾಲಿ ಹೋಯಿತು. ಸಕ್ಕರೆ ಜಾಸ್ತಿಯಾದ ಚಹಾವನ್ನು ಮಾಮಿ ಮೋರಿಗೆ ಸುರಿದು, "ಇವರನ್ನs ಯಾರರ ತಗೊಂಡು ಹೋಗ್ತಾರೇನು ಕೇಳಬೇಕಾಗಿತ್ತು. ಬಿಟ್ಟಿ ಕೊಡ್ತಿದ್ನಿ!" ಎಂದಳು. ನಾನು ಪರೀಕ್ಷೆ ಮುಗಿಯುವವರೆಗೂ ಮಾಮಾನ ಜೊತೆ ಮಾತು ಬಿಟ್ಟೆ. ಅದೇ ಮೇಜಿನ ಮುಂದೆ ಕೂತೇ ಮಾತು ಬಿಟ್ಟೆ. ಮಾತು ಕೊಟ್ಟು ತಪ್ಪುವ ಮನುಷ್ಯನ ಹತ್ತಿರ ನನಗೇನು ಕೆಲಸ?

ಫಲಿತಾಂಶ ಬಂತು. ಸೆಕೆಂಡ್ ಕ್ಲಾಸ್! ಎಷ್ಟೋ ತಿಂಗಳ ಮೇಲೆ ಕಾಲೇಜಿನ ಆಫೀಸಿನ ಕಿಟಕಿಯಲ್ಲಿ ಸರ್ಟಿಫಿಕೇಟು ಕೈಗೆ ಬಂತು. ದಪ್ಪ ಕಾಗದ, ಮೇಲೆ ಮುದ್ರೆ, ನಡುವೆ ನನ್ನ ಹೆಸರು. ಅಪ್ಪ ಕೆಲಸದಿಂದ ಬರುವುದು ಸಂಜೆಗೆ. ಅದಕ್ಕೂ ಮೊದಲು ತೀರಿಸಿಕೊಳ್ಳಬೇಕಾದ ಒಂದು ಲೆಕ್ಕ ಮುಲುಂಡಿನಲ್ಲೇ ಇತ್ತು. ಮೂರು ಮಹಡಿ ಹೇಗೆ ಹತ್ತಿದೆನೋ ಗೊತ್ತಿಲ್ಲ.

ಮಾಮಾ ಗ್ಯಾಲರಿಯಲ್ಲಿ ನೆಲದ ಮೇಲೆ ಕೂತು ಯಾವುದೋ ಹಳೆ ಸ್ಟೋವ್ ಬಿಚ್ಚುತ್ತಿದ್ದರು.

"ಮಾಮಾ, ನಮ್ಮ ವಂಶದಾಗ ಯಾರರ ಡಿಗ್ರಿ ತಗೊಂಡ್ರ ಏನೋ ಮಾಡ್ತೀನಿ ಅಂದಿದ್ರಿ. ನೆನಪೈತೇನ್ರಿ?" ಎಂದು ಸರ್ಟಿಫಿಕೇಟನ್ನು ಅವರ ಮುಂದೆ ಹಿಡಿದೆ. "ಇಳಸ್ರಿ ಬೆಲಿ!"

ಅವರು ಎದ್ದು ಒಳಗೆ ಹೋದರು. ಬಚ್ಚಲ ಮೋರಿಯಲ್ಲಿ ಬಹಳ ಹೊತ್ತು ನೀರಿನ ಸದ್ದಾಯಿತು. ಕೈ ತೊಳೆದು, ಪಂಚೆಗೆ ಒರೆಸಿ, ಮತ್ತೆ ಮಾಮಿಯ ಸೆರಗಿಗೆ ಒರೆಸಿ ಬಂದರು. ಸರ್ಟಿಫಿಕೇಟನ್ನು ಎರಡೂ ಅಂಗೈಯಲ್ಲಿ ತೆಗೆದುಕೊಂಡು ಮೇಜಿನ ಮೇಲೆ ಮಲಗಿಸಿದರು.

"ಇದರಾಗ ನಿನ್ನ ಹೆಸರು ಯಾವುದು?"

ತೋರಿಸಿದೆ. ಬೆರಳು ತಾಗದ ಹಾಗೆ, ಗಾಳಿಯಲ್ಲೇ, ಆ ಅಕ್ಷರಗಳ ಕೆಳಗೆ ಒಂದು ಗೆರೆ ಎಳೆದರು. ಮಾಮಿ ಬಾಗಿಲಿಗೆ ಬಂದು ನಿಂತಿದ್ದಳು.

ಆಮೇಲೆ ಮಾಮಾ ಬಾಗಿ, ಮೇಜಿನ ಅಂಚಿಗೆ ಅಂಟಿಸಿದ್ದ ಬೆಲೆಯ ಚೀಟಿಯನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸತೊಡಗಿದರು. ಅದು ಒಂದರ ಮೇಲೊಂದು ಅಂಟಿಸಿ ದಪ್ಪವಾಗಿತ್ತು, ಎಲ್ಲ ನನ್ನದೇ ಬರಹ.

"ಎಷ್ಟು ಬರಿಲ್ರಿ ಮಾಮಾ?" ಎಂದೆ. ನನ್ನ ದನಿಯಲ್ಲಿ ಜಗಳ ಉಳಿದಿರಲಿಲ್ಲ.

"ಏನೂ ಬರೀಬ್ಯಾಡ," ಎಂದರು ಮಾಮಾ, ಚೀಟಿ ಕಿತ್ತ ಜಾಗವನ್ನು ಹೆಬ್ಬೆರಳಿನಿಂದ ಉಜ್ಜುತ್ತ. "ಯಾರರ ಬಂದ್ರ ಅವರು ಕೊಟ್ಟಷ್ಟಕ್ಕ ಕೊಟ್ಟುಬಿಡೂಣು ಯವ್ವಾ. ಅದರ ಕೆಲಸ ಮುಗೀತು."